ಪಾಸಾಗಲು ನೋಟ್ಸ್ ಸಾಕು, ವಾರ್ಡಿಗೆ ಪುಸ್ತಕವೇ ಬೇಕು

ಬಯೋಮೆಡಿಕಲ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್ ಮುಗಿಸಿ ಆಸ್ಪತ್ರೆಯೊಂದಕ್ಕೆ ಇಂಟರ್ನ್‌ಶಿಪ್‌ಗೆ ಹೋಗಿದ್ದೆ. ಒಂದು ದಿನ ವಾರ್ಡಿನಿಂದ ಕರೆ ಬಂತು: ‘ಇಸಿಜಿ ಸರಿಯಾಗಿ ಬರ್ತಿಲ್ಲ.’ ಹೋಗಿ ನೋಡಿದರೆ ಕಾಗದದ ಮೇಲಿನ ಗೆರೆ ಗರಗಸದ ಹಲ್ಲಿನಂತೆ ಒಂದೇ ಸಮನೆ ನಡುಗುತ್ತಿತ್ತು. ಮಷೀನ್ ಕೆಟ್ಟಿದೆ ಎಂದುಬಿಟ್ಟೆ. ಜೊತೆಗಿದ್ದ ಹಿರಿಯ ಟೆಕ್ನೀಷಿಯನ್ ರೋಗಿಯ ಬಲಗಾಲಿನ ಎಲೆಕ್ಟ್ರೋಡ್ ತೆಗೆದು, ಚರ್ಮ ಒರೆಸಿ, ಜೆಲ್ ಹಚ್ಚಿ ಮತ್ತೆ ಹಾಕಿದರು. ಕೇಬಲನ್ನು ಪಕ್ಕದ ಕರೆಂಟ್ ವೈರಿನಿಂದ ದೂರ ಸರಿಸಿದರು. ಗೆರೆ ಸರಿಯಾಯಿತು. ‘ಕಾಲೇಜಲ್ಲಿ ಇದನ್ನ ಹೇಳಿಕೊಟ್ಟಿಲ್ವೇನಮ್ಮಾ?’ ಎಂದರು.

ಹೇಳಿಕೊಟ್ಟಿದ್ದರು. ‘ಕಾಮನ್ ಮೋಡ್ ರಿಜೆಕ್ಷನ್ ರೇಶಿಯೋ ಎಂದರೇನು?’ ಎಂಬ ಪ್ರಶ್ನೆಗೆ ನಾನು ಪೂರ್ತಿ ಅಂಕ ತೆಗೆದವಳು. ಆದರೆ ಚರ್ಮದ ಮೇಲೆ ಸಿಗುವ ಹೃದಯದ ಸಿಗ್ನಲ್ ಸುಮಾರು 1 ಮಿಲಿವೋಲ್ಟ್ ಮಾತ್ರ, ಸುತ್ತಲಿನ ವೈರುಗಳ ಗದ್ದಲ ರೋಗಿಯ ದೇಹಕ್ಕೂ ಹತ್ತಿಕೊಳ್ಳುತ್ತದೆ, ನಾನು ಬರೆದ ಆ ಎರಡು ಸಾಲು ಇರುವುದೇ ಈ ಗದ್ದಲವನ್ನು ತಡೆಯುವ ವಿಷಯದ ಮೇಲೆ ಎಂಬುದು ಹೊಳೆದಿರಲೇ ಇಲ್ಲ. ಏಕೆಂದರೆ ನಾನು ಓದಿದ್ದು ಪುಸ್ತಕವನ್ನಲ್ಲ, ಜೆರಾಕ್ಸ್ ಅಂಗಡಿಯ ‘ಪಾಸಿಂಗ್ ಪ್ಯಾಕೇಜ್’ ಅನ್ನು.

ನಮ್ಮ ವಿಷಯದಲ್ಲಿ ಒಳ್ಳೆಯ ಪುಸ್ತಕಗಳಿಗೆ ಬರವಿಲ್ಲ. ಭಾರತದವರೇ ಆದ ಆರ್.ಎಸ್. ಖಂಡಪುರ್ ಬರೆದ ‘ಹ್ಯಾಂಡ್‌ಬುಕ್ ಆಫ್ ಬಯೋಮೆಡಿಕಲ್ ಇನ್‌ಸ್ಟ್ರುಮೆಂಟೇಷನ್’ ಇದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾನ್ ವೆಬ್‌ಸ್ಟರ್ ಸಂಪಾದಿಸಿದ ‘ಮೆಡಿಕಲ್ ಇನ್‌ಸ್ಟ್ರುಮೆಂಟೇಷನ್: ಅಪ್ಲಿಕೇಷನ್ ಆ್ಯಂಡ್ ಡಿಸೈನ್’ 1978ರಿಂದ ಹೊಸ ಆವೃತ್ತಿಗಳನ್ನು ಕಾಣುತ್ತಲೇ ಬಂದಿದೆ. ಇಂಟರ್ನ್‌ಶಿಪ್ ಮುಗಿಸಿ ಬಂದು ವೆಬ್‌ಸ್ಟರ್ ತೆರೆದಾಗ, ನಾನು ವಾರ್ಡಿನಲ್ಲಿ ಕಂಡ ನಡುಗುವ ಗೆರೆ ಅಲ್ಲಿ ಕಾರಣದ ಸಮೇತ ಇತ್ತು. ಒಂದು ವ್ಯತ್ಯಾಸ: ಅಲ್ಲಿನ ಕರೆಂಟ್ 60 ಹರ್ಟ್ಸ್, ನಮ್ಮದು 50. ಬಾಯಿಪಾಠ ಮಾಡಿದವರು 60 ಎಂದೇ ಬರೆದು ಬರುತ್ತಾರೆ. ಅರ್ಥ ಮಾಡಿಕೊಂಡವರು ನಮ್ಮ ಗೋಡೆಯ ಪ್ಲಗ್ಗನ್ನು ನೋಡಿ ಬದಲಿಸಿಕೊಳ್ಳುತ್ತಾರೆ.

ಅದೇ ಪುಸ್ತಕದ ಮೂರನೇ ಆವೃತ್ತಿಯ ಕೊನೆಯ ಅಧ್ಯಾಯ ವಿದ್ಯುತ್ ಸುರಕ್ಷತೆಯದು. ‘ಎಕ್ಸಾಮಿಗೆ ಬರಲ್ಲ’ ಎಂದು ನಾವು ಬಿಟ್ಟದ್ದೇ ಅದನ್ನು. ಕೈಬೆರಳಿಗೆ 1 ಮಿಲಿಆಂಪಿಯರ್ ತಗುಲಿದರೆ ಜುಮ್ಮೆನ್ನಬಹುದು, ಅಷ್ಟೆ. ಹೃದಯದವರೆಗೆ ಕ್ಯಾಥೆಟರ್ ಹಾಕಿರುವ ರೋಗಿಗೆ ಅದರ ಹತ್ತನೇ ಒಂದು ಪಾಲೂ ಪ್ರಾಣಾಪಾಯ ತರಬಹುದು. ಆದ್ದರಿಂದಲೇ ಅಂಥ ಕಡೆ ಮಿತಿಯನ್ನು 10 ಮೈಕ್ರೋಆಂಪಿಯರ್‌ಗೆ ಇಟ್ಟಿದ್ದಾರೆ. ನಾಳೆ ಐಸಿಯುನ ಉಪಕರಣಗಳಿಗೆ ಸಹಿ ಹಾಕಬೇಕಾದವರು ನಾವೇ. ನಾವು ಬಿಟ್ಟ ಅಧ್ಯಾಯದ ಬೆಲೆ ತೆರುವುದು ಮಾತ್ರ ಹಾಸಿಗೆಯ ಮೇಲಿರುವವರು.

ತಪ್ಪು ವಿದ್ಯಾರ್ಥಿಗಳದ್ದಷ್ಟೇ ಅಲ್ಲ. ಪುಸ್ತಕ ದುಬಾರಿ. ಲೈಬ್ರರಿಯಲ್ಲಿರುವ ಪ್ರತಿ ‘ರೆಫರೆನ್ಸ್ ಮಾತ್ರ’. ಹಳೆಯ ಪ್ರಶ್ನೆಗಳೇ ಮತ್ತೆ ಮತ್ತೆ ಬಂದರೆ ದಪ್ಪ ಪುಸ್ತಕವನ್ನು ಯಾರು ಮುಟ್ಟುತ್ತಾರೆ? ಪ್ರಶ್ನೆಪತ್ರಿಕೆ ತಯಾರಿಸುವವರು ‘ವ್ಯಾಖ್ಯಾನಿಸಿ’ ಎನ್ನುವ ಬದಲು ಕೆಟ್ಟ ಇಸಿಜಿಯೊಂದನ್ನು ಮುದ್ರಿಸಿ ‘ಏನಾಗಿದೆ? ಏನು ಮಾಡುವಿರಿ?’ ಎಂದು ಕೇಳಲಿ. ಒಂದೇ ವರ್ಷದಲ್ಲಿ ಓದುವ ರೀತಿ ಬದಲಾಗುತ್ತದೆ. ಕಾಲೇಜುಗಳು ಪ್ರತಿ ಉಪಕರಣದ ಪಕ್ಕ ಅದರ ಸರ್ವಿಸ್ ಮ್ಯಾನ್ಯುಯಲ್ ಇಡಲಿ.

ಅದಾಗುವವರೆಗೆ ನಾವು ಕಾಯಬೇಕಿಲ್ಲ. ನಾವು ನಾಲ್ವರು ಗೆಳತಿಯರು ಹಣ ಸೇರಿಸಿ ವೆಬ್‌ಸ್ಟರ್‌ನ ಹಳೆಯ ಪ್ರತಿಯೊಂದನ್ನು ಕೊಂಡಿದ್ದೇವೆ. ವಾರಕ್ಕೊಂದು ಉಪಕರಣ: ಮೊದಲು ಅಧ್ಯಾಯ, ಆಮೇಲೆ ಲ್ಯಾಬ್. ಎಲೆಕ್ಟ್ರೋಡನ್ನು ಬೇಕೆಂದೇ ಸಡಿಲ ಮಾಡಿ ಗೆರೆ ಹೇಗೆ ಕೆಡುತ್ತದೆಂದು ನಾವೇ ನೋಡುತ್ತೇವೆ. ಈ ಬಾರಿ ಶುರು ಮಾಡಿದ್ದು ಕೊನೆಯ ಅಧ್ಯಾಯದಿಂದ.