ಹಲ್ಲಿನ ಕುಳಿಯೊಳಗೆ ಹಗ್ಗಜಗ್ಗಾಟ

ಹುಳುಕು ಹಲ್ಲನ್ನು ಕೊರೆದು ಕುಳಿಗೆ ಹಲ್ಲಿನದೇ ಬಣ್ಣದ ಮೆತ್ತನೆಯ ರಾಳ ತುಂಬುತ್ತಾರೆ. ನೀಲಿ ಬೆಳಕು ಹಿಡಿದರೆ ಅರ್ಧ ನಿಮಿಷದೊಳಗೆ ಅದು ಗಟ್ಟಿ. ರೋಗಿಗೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಹಲ್ಲಿಗೆ ಆಗಷ್ಟೇ ಎಳೆದಾಟ ಶುರು!

ಇಂದು ಬಳಸುವ ಬಹುತೇಕ ರಾಳಗಳ ಮೂಲ, ಅಮೆರಿಕದ ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ವಸ್ತು. ರಾಳದ ಬಿಡಿ ಅಣುಗಳು ಬೆಳಕಿನ ಪ್ರಚೋದನೆಯಿಂದ ಒಂದಕ್ಕೊಂದು ಬೆಸೆದು ಪಾಲಿಮರ್ ಸರಪಳಿಯಾಗುತ್ತವೆ. ದೂರ ನಿಂತ ಮಕ್ಕಳು ಕೈ ಹಿಡಿಯಬೇಕಾದರೆ ಹತ್ತಿರ ಬರಲೇಬೇಕಲ್ಲವೆ? ಅಣುಗಳೂ ಹಾಗೆಯೇ. ಗಾಜಿನ ನುಣ್ಣನೆಯ ಪುಡಿ ಬೆರೆಸಿದ್ದರೂ ಗಾತ್ರ ಸುಮಾರು ಶೇಕಡಾ 2ರಿಂದ 4ರಷ್ಟು ಇಳಿಯುತ್ತದೆ. ಕೆರೆಯ ಕೆಸರು ನೀರು ಕಳೆದುಕೊಂಡು ಬಿರಿಯುತ್ತದೆ. ರಾಳ ಏನನ್ನೂ ಕಳೆದುಕೊಳ್ಳದೆ ಕುಗ್ಗುತ್ತದೆ.

ಇನ್ನೊಂದು ಕಡೆ, ರಾಳ ಹಲ್ಲಿಗೆ ಭದ್ರವಾಗಿ ಅಂಟಿರುತ್ತದೆ. ಆಮ್ಲ ಸವರಿ ಎನಾಮಲ್ಲನ್ನು ಒರಟಾಗಿಸಿದರೆ ರಾಳ ಚೆನ್ನಾಗಿ ಕಚ್ಚಿಕೊಳ್ಳುತ್ತದೆಂದು ಮೈಕೆಲ್ ಬ್ಯುನಕೋರ್ 1955ರಲ್ಲೇ ತೋರಿಸಿದ್ದರು. ಮೆತ್ತಗಿರುವಷ್ಟು ಹೊತ್ತು ರಾಳ ಒಳಗೊಳಗೇ ಹರಿದು ಹೊಂದಿಕೊಳ್ಳುತ್ತದೆ. ಗಟ್ಟಿಯಾಗತೊಡಗಿದ ಮೇಲೆ ಆಗುವ ಕುಗ್ಗುವಿಕೆಯೆಲ್ಲ ಗೋಡೆಗಳ ಮೇಲಿನ ಸೆಳೆತವೇ. ಅಂಟು ಸೋತರೆ ಸಂದು ಬಿಡುತ್ತದೆ, ಜೊಲ್ಲು ಬ್ಯಾಕ್ಟೀರಿಯಾಗಳು ನುಸುಳುತ್ತವೆ. ಅಂಟು ಗೆದ್ದರೂ ನೆಮ್ಮದಿಯಿಲ್ಲ. ದವಡೆ ಹಲ್ಲಿನ ಮೊನೆಗಳು ಕೆಲವು ಮೈಕ್ರಾನಿನಷ್ಟು ಒಳಕ್ಕೆ ಬಾಗುತ್ತವೆ, ಎನಾಮಲ್ ಬಿರಿಯಲೂಬಹುದು.

ಸೆಳೆತಕ್ಕೆ ಕುಳಿಯ ಆಕಾರವೂ ಕಾರಣ. 1987ರಲ್ಲಿ ಆಮ್‌ಸ್ಟರ್‌ಡಾಮಿನ ಫೈಲ್‌ಜರ್ ಮತ್ತು ಸಂಗಡಿಗರು ಇದಕ್ಕೊಂದು ಸರಳ ಲೆಕ್ಕ ಕೊಟ್ಟರು: ಅಂಟಿದ ಮೈಯನ್ನು ಅಂಟದೆ ತೆರೆದಿರುವ ಮೈಯಿಂದ ಭಾಗಿಸಿ. ಪೆಟ್ಟಿಗೆಯಂಥ ಕುಳಿಯಲ್ಲಿ ನಾಲ್ಕು ಗೋಡೆ, ಒಂದು ತಳ, ತೆರೆದದ್ದು ಮೇಲ್ಭಾಗವೊಂದೇ. ಉತ್ತರ ಸುಮಾರು 5. ಸಮತಟ್ಟು ಮೈಗೆ ತೆಳುವಾಗಿ ಬಳಿದರೆ 1ಕ್ಕೂ ಕಡಿಮೆ. ಪ್ರಾಥಮಿಕ ಶಾಲೆಯ ಭಾಗಾಕಾರ ದಂತವೈದ್ಯರಿಗೂ ಬೇಕಾಯಿತು!

ಆದ್ದರಿಂದಲೇ ಸುಮಾರು 2 ಮಿಲಿಮೀಟರಿನ ಓರೆ ಪದರಗಳಾಗಿ ತುಂಬುವ ರೂಢಿ ಬಂತು. ಪದರಗಳಿಂದ ಸೆಳೆತ ನಿಜವಾಗಿ ತಗ್ಗುತ್ತದೆಯೇ ಎಂಬ ಬಗ್ಗೆ ಒಮ್ಮತವಿಲ್ಲ. 1996ರಲ್ಲಿ ಪ್ರಕಟವಾದ ಕಂಪ್ಯೂಟರ್ ಲೆಕ್ಕಾಚಾರವೊಂದು ಮೊನೆಗಳು ಇನ್ನಷ್ಟು ಬಾಗಬಹುದೆಂದಿತು. ಆದರೆ ದಪ್ಪ ಮುದ್ದೆಯ ತಳಕ್ಕೆ ಬೆಳಕು ಸಾಕಷ್ಟು ಇಳಿಯದು ಎಂಬುದಂತೂ ದಿಟ. ಈಗ 4 ಮಿಲಿಮೀಟರನ್ನು ಒಮ್ಮೆಗೇ ತುಂಬಬಲ್ಲ ರಾಳಗಳೂ ಬಂದಿವೆ, ಅವೂ ಕುಗ್ಗುತ್ತವೆ.

ಹಾಗೆಂದು ಹಳೆಯ ಪಾದರಸದ ಮಿಶ್ರಣಕ್ಕೆ ಮರಳುವ ದಾರಿ ಕಿರಿದಾಗುತ್ತಿದೆ. ಐರೋಪ್ಯ ಒಕ್ಕೂಟ 2025ರ ಜನವರಿಯಿಂದ ಕೆಲವು ವಿನಾಯಿತಿಗಳೊಡನೆ ಅದನ್ನು ನಿಷೇಧಿಸಿದೆ.

ರಾಳ ತುಂಬಿಸಿಕೊಂಡ ಹಲ್ಲು ವಾರವಾದರೂ ಕಚ್ಚುವಾಗ ಚುಳ್ಳೆಂದರೆ ವೈದ್ಯರಿಗೆ ತೋರಿಸಬೇಕು. ಕಾರಣ ಈ ಸೆಳೆತವಿರಬಹುದು. ತುಂಬಿದ್ದು ಕೂದಲೆಳೆಯಷ್ಟು ಎತ್ತರವಾಗಿದ್ದೂ ಇರಬಹುದು. ಎರಡನೆಯದಾದರೆ ಬಣ್ಣದ ಕಾಗದ ಕಚ್ಚಿಸಿದೊಡನೆ ಗೊತ್ತಾಗುತ್ತದೆ.