ಕಬ್ಬಿನ ಬೆಲೆ ಮತ್ತು ಕಾಣದ ಪ್ರಯೋಗಾಲಯ

2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಆರಂಭಿಸಿದ ಧರಣಿ ಕೆಲವೇ ದಿನಗಳಲ್ಲಿ ಉತ್ತರ ಕರ್ನಾಟಕದ ಚಳವಳಿಯಾಗಿ ಬೆಳೆಯಿತು. ಟನ್ನಿಗೆ 3,500 ರೂಪಾಯಿ ಬೇಕೆಂಬುದು ರೈತರ ಪಟ್ಟಾಗಿತ್ತು. ನವೆಂಬರ್ 7ರಂದು ರಾಜ್ಯ ಸರ್ಕಾರ ಕಾರ್ಖಾನೆಗಳೊಂದಿಗೆ ಮಾತುಕತೆ ನಡೆಸಿ 3,300 ರೂಪಾಯಿ ಘೋಷಿಸಿದ ನಂತರವೇ ಪರಿಸ್ಥಿತಿ ತಿಳಿಯಾಯಿತು. ಆ ದಿನಗಳ ಭಾಷಣಗಳಲ್ಲಿ, ಸಚಿವರ ಹೇಳಿಕೆಗಳಲ್ಲಿ, ಕಾರ್ಖಾನೆಗಳ ವಾದದಲ್ಲಿ ಒಂದು ಪದ ಮತ್ತೆ ಮತ್ತೆ ಕೇಳಿಬಂದಿತು. ಅದು ‘ಇಳುವರಿ’. ಹೊಲದ ಇಳುವರಿಯಲ್ಲ, ನುರಿಸಿದ ಕಬ್ಬಿನಿಂದ ದೊರೆಯುವ ಸಕ್ಕರೆಯ ಶೇಕಡಾವಾರು ಪ್ರಮಾಣ. ಆ ಅಂಕಿ ಎಲ್ಲಿ ಹುಟ್ಟುತ್ತದೆ, ಅದನ್ನು ಯಾರು ಪರಿಶೀಲಿಸುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಎತ್ತಲಿಲ್ಲ.

ಕೇಂದ್ರ ಸರ್ಕಾರ 2025–26ರ ಹಂಗಾಮಿಗೆ ಶೇ 10.25ರ ಮೂಲ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿಯ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆಯನ್ನು ನಿಗದಿಪಡಿಸಿತು. ಇಳುವರಿ ಶೇ 0.1ರಷ್ಟು ಹೆಚ್ಚಿದರೆ ಕ್ವಿಂಟಲ್‌ಗೆ 3.46 ರೂಪಾಯಿ ಹೆಚ್ಚು. ಅಷ್ಟೇ ಇಳಿದರೆ ಅಷ್ಟೇ ಕಡಿತ. ಶೇ 9.5ಕ್ಕಿಂತ ಕೆಳಗಿಳಿದರೆ ಮಾತ್ರ ಮುಂದಿನ ಕಡಿತವಿಲ್ಲ. ಇದನ್ನು ಟನ್ನಿಗೆ ಪರಿವರ್ತಿಸಿದರೆ ದಶಮಾಂಶದ ಒಂದು ಸ್ಥಾನದ ಬೆಲೆ 34 ರೂಪಾಯಿ 60 ಪೈಸೆ. ಎಕರೆಗೆ 40 ಟನ್ ಬೆಳೆಯುವ ರೈತನಿಗೆ ಅದು 1,384 ರೂಪಾಯಿ. ಹಂಗಾಮಿಗೆ 10 ಲಕ್ಷ ಟನ್ ನುರಿಸುವ ಕಾರ್ಖಾನೆಗೆ 3 ಕೋಟಿ 46 ಲಕ್ಷ ರೂಪಾಯಿ. ಗುರ್ಲಾಪುರದ ಬೇಡಿಕೆಗೂ ಸರ್ಕಾರದ ಘೋಷಣೆಗೂ ನಡುವೆ ಉಳಿದ 200 ರೂಪಾಯಿಯ ಅಂತರವನ್ನು ಈ ಲೆಕ್ಕದಲ್ಲಿ ಅಳೆದರೆ ಅದು ಇಳುವರಿಯ ಶೇ 0.6ಕ್ಕೂ ಕಡಿಮೆ. ಹೆದ್ದಾರಿಯಲ್ಲಿ ದಿನಗಟ್ಟಲೆ ಕುಳಿತು ಹೋರಾಡಿದ ಮೊತ್ತ ಪ್ರಯೋಗಾಲಯದ ಒಂದು ಸಣ್ಣ ಏರುಪೇರಿನೊಳಗೆ ಅಡಗಿಹೋಗಬಲ್ಲದು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಬದುಕು ಘಟಪ್ರಭೆ ಮತ್ತು ಹಿರಣ್ಯಕೇಶಿಯ ನೀರಿಗೂ ಕಬ್ಬಿಗೂ ಕಟ್ಟುಬಿದ್ದಿದೆ. ಹಿಡಕಲ್ ಜಲಾಶಯದ ನೀರು ಹರಿದಲ್ಲೆಲ್ಲ ಕಬ್ಬು ನಿಂತಿದೆ. ಇಲ್ಲಿಯ ರೈತ ಕಾಟಾದ ಮೇಲೆ ಕಣ್ಣಿಟ್ಟಿರುತ್ತಾನೆ. ಅನುಮಾನ ಬಂದರೆ ಟ್ರ್ಯಾಕ್ಟರನ್ನು ಇನ್ನೊಂದು ಕಾಟಾಕ್ಕೆ ಒಯ್ದು ತೂಗಿಸುತ್ತಾನೆ. ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡುತ್ತಾನೆ. ಅದೇ ರೈತ ಹಾಲಿನ ಡೇರಿಗೆ ಹೋದಾಗ ಜಿಡ್ಡಿನ ಪ್ರಮಾಣವನ್ನು ತನ್ನ ಕಣ್ಣೆದುರಿಗೇ ಪರೀಕ್ಷಿಸಿ ಬರೆದ ಚೀಟಿ ಪಡೆಯುತ್ತಾನೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ ಹಾಲಿನ ಜಿಡ್ಡನ್ನು ಅಳೆಯುವ ಸುಲಭ ವಿಧಾನ ಕಂಡುಹಿಡಿದಾಗ ನೀರು ಬೆರೆಸುವವನಿಗೂ ಒಳ್ಳೆಯ ಹಾಲು ತರುವವನಿಗೂ ಒಂದೇ ಬೆಲೆ ಎಂಬ ಅನ್ಯಾಯ ತಪ್ಪುವ ದಾರಿ ತೆರೆಯಿತು. ಆದರೆ ಕಬ್ಬಿನ ವಿಷಯದಲ್ಲಿ ತೂಕವನ್ನು ಬಿಟ್ಟು ಉಳಿದುದೆಲ್ಲ ಗೋಡೆಯ ಆಚೆ ನಡೆಯುತ್ತದೆ.

ಆ ಗೋಡೆಯ ಆಚೆ ಇರುವುದು ಕಾರ್ಖಾನೆಯ ಪ್ರಯೋಗಾಲಯ. ಹಂಗಾಮಿನುದ್ದಕ್ಕೂ ಹಗಲಿರುಳು ಅಲ್ಲಿ ಕಬ್ಬಿನ ರಸದ ಬ್ರಿಕ್ಸ್ ಅಂದರೆ ಕರಗಿದ ಘನಾಂಶ, ಪೋಲ್ ಅಂದರೆ ಸಕ್ಕರೆಯ ಅಂಶ, ಸಿಪ್ಪೆಯಲ್ಲಿ, ಪ್ರೆಸ್‌ಮಡ್‌ನಲ್ಲಿ ಮತ್ತು ಕಾಕಂಬಿಯಲ್ಲಿ ಉಳಿದುಹೋದ ಸಕ್ಕರೆ, ಇವೆಲ್ಲವನ್ನೂ ಅಳೆಯಲಾಗುತ್ತದೆ. ಒಳಗೆ ಬಂದ ಸಕ್ಕರೆ ಚೀಲಕ್ಕೆ ತುಂಬಿದ ಸಕ್ಕರೆ ಮತ್ತು ಈ ನಷ್ಟಗಳ ಮೊತ್ತಕ್ಕೆ ಸಮನಾಗಬೇಕು. ಸಮನಾಗದೆ ಉಳಿದುದನ್ನು ‘ಲೆಕ್ಕಕ್ಕೆ ಸಿಗದ ನಷ್ಟ’ ಎಂದು ಬರೆಯುತ್ತಾರೆ. ಪ್ರಾಮಾಣಿಕ ತಪ್ಪೂ ಅಪ್ರಾಮಾಣಿಕ ಲೆಕ್ಕವೂ ಬಂದು ಸೇರುವುದು ಈ ಒಂದೇ ಖಾತೆಯಲ್ಲಿ.

ಕೊನೆಗೆ ಸಕ್ಕರೆಯ ಚೀಲಗಳನ್ನು ಎಣಿಸಿದರೆ ಸಾಲದೆ ಎಂದು ಕೇಳಬಹುದು. ಕಾರ್ಖಾನೆ ಸಕ್ಕರೆಯನ್ನಷ್ಟೇ ತಯಾರಿಸುತ್ತಿದ್ದ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತು. ಈಗ ರಸದ ಅಥವಾ ಸಕ್ಕರೆ ಹೆಚ್ಚಾಗಿ ಉಳಿಸಿಕೊಂಡ ಕಾಕಂಬಿಯ ಒಂದು ಭಾಗ ಎಥೆನಾಲ್ ತಯಾರಿಕೆಗೆ ಹೋಗುತ್ತದೆ. ಚೀಲಕ್ಕೆ ಬಾರದೆ ಹಾಗೆ ಹೋದ ಸಕ್ಕರೆಯನ್ನು ಲೆಕ್ಕ ಹಾಕಿ ಇಳುವರಿಗೆ ಸೇರಿಸಬೇಕು. ಅಂದರೆ ಎಣಿಸಿ ತಿಳಿಯಬಹುದಾಗಿದ್ದ ಅಂಕಿ ಈಗ ಬಹುಮಟ್ಟಿಗೆ ಪ್ರಯೋಗಾಲಯದ ಮಾತನ್ನು ನಂಬಿ ತಿಳಿಯಬೇಕಾದ ಅಂಕಿಯಾಗಿದೆ. ಹಾಗಿರುವಾಗ ಪ್ರಯೋಗಾಲಯವನ್ನು ನಂಬುವುದಕ್ಕೆ ಆಧಾರವೇನು?

ಇಲ್ಲಿ ನಾನು ಯಾವ ಕಾರ್ಖಾನೆಯ ಮೇಲೂ ಆರೋಪ ಹೊರಿಸುತ್ತಿಲ್ಲ. ರಸಾಯನಶಾಸ್ತ್ರ ಕಲಿಸಿದವನಾಗಿ ನಾನು ಕಂಡದ್ದು ಇಷ್ಟು: ಒಂದೇ ಪಾತ್ರೆಯ ರಸವನ್ನು ಇಬ್ಬರು ಶ್ರದ್ಧಾವಂತ ವಿದ್ಯಾರ್ಥಿಗಳಿಗೆ ಕೊಟ್ಟರೂ ಎರಡು ಉತ್ತರ ಬರುತ್ತವೆ. ಒಬ್ಬನು ರಸವನ್ನು ಕಲಕಿ ತೆಗೆದಿರುತ್ತಾನೆ, ಇನ್ನೊಬ್ಬನು ಮೇಲಿನದನ್ನಷ್ಟೇ ತೆಗೆದಿರುತ್ತಾನೆ. ಒಬ್ಬನು ಕೂಡಲೇ ಅಳೆದರೆ ಇನ್ನೊಬ್ಬನು ಊಟ ಮುಗಿಸಿ ಬಂದು ಅಳೆಯುತ್ತಾನೆ. ಅಷ್ಟರಲ್ಲಿ ರಸದ ಸಕ್ಕರೆ ಒಡೆಯತೊಡಗಿರುತ್ತದೆ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರುವುದಿಲ್ಲ. ಅಂಕಿ ಮಾತ್ರ ಸುಳ್ಳಾಗಿರುತ್ತದೆ. ಗುಣಮಟ್ಟ ವ್ಯವಸ್ಥೆ ಎಂಬುದು ಹುಟ್ಟಿದ್ದು ಈ ಅನುಭವದಿಂದ. ಅದು ವ್ಯಕ್ತಿಯ ಒಳ್ಳೆಯತನವನ್ನು ನಂಬಿ ಕೂರುವುದಿಲ್ಲ, ಕೆಲಸದ ಕ್ರಮವನ್ನು ಕಟ್ಟುತ್ತದೆ.

ಆ ಕ್ರಮವೇನೂ ರಹಸ್ಯವಲ್ಲ. ಪರೀಕ್ಷಾ ಪ್ರಯೋಗಾಲಯಗಳಿಗೆಂದೇ ಐಎಸ್ಒ/ಐಇಸಿ 17025 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. 1999ರಲ್ಲಿ ಮೊದಲು ಪ್ರಕಟವಾದ ಅದು 2017ರಲ್ಲಿ ಪರಿಷ್ಕೃತಗೊಂಡಿದೆ. ಭಾರತದಲ್ಲಿ ಅದರನ್ವಯ ಮಾನ್ಯತೆ ನೀಡುವ ಸಂಸ್ಥೆ ಎನ್ಎಬಿಎಲ್. ಮಾದರಿ ತೆಗೆಯುವ ವಿಧಾನ ಲಿಖಿತವಾಗಿರಬೇಕು. ಉಪಕರಣ ಸರಿಯಿದೆ ಎಂಬುದಕ್ಕೆ ಪುರಾವೆ ಬೇಕು. 26 ಗ್ರಾಂ ಶುದ್ಧ ಸಕ್ಕರೆಯನ್ನು ಕರಗಿಸಿ 100 ಮಿಲಿಲೀಟರ್ ದ್ರಾವಣ ಮಾಡಿ, 20 ಡಿಗ್ರಿ ಉಷ್ಣತೆಯಲ್ಲಿ 200 ಮಿಲಿಮೀಟರ್ ಉದ್ದದ ನಳಿಗೆಯಲ್ಲಿಟ್ಟು ನೋಡಿದರೆ ಸಕ್ಕರೆ ಅಳೆಯುವ ಪೋಲಾರಿಮೀಟರ್ 100 ಎಂದು ತೋರಿಸಬೇಕು. ತೋರಿಸದಿದ್ದರೆ ಆ ದಿನದ ಎಲ್ಲ ಅಂಕಿಗಳೂ ಪ್ರಶ್ನಾರ್ಹ. ದಾಖಲೆಯಲ್ಲಿ ತಪ್ಪಾದರೆ ಅಳಿಸಕೂಡದು. ಒಂದು ಗೆರೆ ಎಳೆದು, ಸರಿಯಾದುದನ್ನು ಬರೆದು, ಸಹಿ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷಿಸುವವನ ಮೇಲೆ ಲಾಭನಷ್ಟದ ಒತ್ತಡ ಬೀಳಕೂಡದು. ನಿಷ್ಪಕ್ಷಪಾತ ಆ ಮಾನದಂಡದ ಆರಂಭದ ಷರತ್ತುಗಳಲ್ಲೇ ಒಂದು.

ಇದನ್ನು ಇಲ್ಲಿ ಜಾರಿಗೆ ತರುವುದು ಅಸಾಧ್ಯವೇನಲ್ಲ. ಬೆಳಗಾವಿಯಲ್ಲಿಯೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಅದು ಹಂಗಾಮಿನಲ್ಲಿ ಪ್ರತಿ ತಿಂಗಳು ಒಂದೇ ಮಾದರಿಯನ್ನು, ಉತ್ತರ ತಿಳಿಸದೆ, ಎಲ್ಲ ಕಾರ್ಖಾನೆಗಳಿಗೂ ಕಳುಹಿಸಿ ಬಂದ ಫಲಿತಾಂಶಗಳನ್ನು ಪ್ರಕಟಿಸಲಿ. ಯಾವ ಪ್ರಯೋಗಾಲಯ ಎಲ್ಲಿ ನಿಂತಿದೆ ಎಂಬುದು ಆಗ ತಾನಾಗಿಯೇ ಗೊತ್ತಾಗುತ್ತದೆ. ಪ್ರತಿ ಪಾಳಿಯ ಮಾದರಿಯ ಒಂದು ಭಾಗವನ್ನು ಕೆಡದಂತೆ ಮೊಹರು ಮಾಡಿ ಇಡುವ ಏರ್ಪಾಡಾಗಲಿ. ಪ್ರಯೋಗಾಲಯದ ಮುಖ್ಯಸ್ಥ ಉತ್ಪಾದನಾ ವಿಭಾಗದ ಅಧೀನದಲ್ಲಿರುವುದು ಬೇಡ. ಈ ಮೂರು ತಾಲ್ಲೂಕುಗಳಲ್ಲಿ ಬಿ.ಎಸ್ಸಿ. ಮುಗಿಸಿದ ರೈತರ ಮಕ್ಕಳಿಗೆ ಕೊರತೆಯಿಲ್ಲ. ಅವರಿಗೆ ತರಬೇತಿ ನೀಡಿ ಬೆಳೆಗಾರರ ಪರವಾಗಿ ಪ್ರಯೋಗಾಲಯದಲ್ಲಿ ಕೂರುವ ಹಕ್ಕು ಕೊಡಲಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 1915ರಷ್ಟು ಹಿಂದೆಯೇ ಕಬ್ಬಿನ ಬೆಲೆಯ ನಿಯಂತ್ರಣಕ್ಕೆ ಕಾಯ್ದೆ ತಂದಿತ್ತು. ನಾವು ಇನ್ನೂ ಬೆಲೆಯನ್ನು ರಸ್ತೆಯಲ್ಲಿ ನಿರ್ಧರಿಸುತ್ತಿದ್ದೇವೆ.

ಖರ್ಚಿನ ಮಾತು ಬಂದೇ ಬರುತ್ತದೆ. ಶೇ 0.1ರ ಬೆಲೆ ಮೂರೂವರೆ ಕೋಟಿಯ ಸಮೀಪವಿರುವಾಗ ಒಂದು ಪ್ರಯೋಗಾಲಯವನ್ನು ಸುವ್ಯವಸ್ಥಿತಗೊಳಿಸುವುದು ದುಬಾರಿ ಎನ್ನುವುದು ಒಪ್ಪುವ ಮಾತಲ್ಲ. ಸಿಪ್ಪೆಯಲ್ಲಿ ಎಷ್ಟು ಸಕ್ಕರೆ ಪೋಲಾಗುತ್ತಿದೆ ಎಂಬುದು ಸಕಾಲಕ್ಕೆ ತಿಳಿದರೆ ಮೊದಲು ಲಾಭವಾಗುವುದು ಕಾರ್ಖಾನೆಗೇ.

ರೈತ ಮುಖಂಡರಿಗೂ ಒಂದು ಮಾತು ಹೇಳಬೇಕು. ನಂಬಲರ್ಹ ಪ್ರಯೋಗಾಲಯ ಯಾವಾಗಲೂ ನಮಗೆ ಹಿತವಾದ ಅಂಕಿಯನ್ನೇ ಕೊಡುವುದಿಲ್ಲ. ಬಲಿಯದ ಕಬ್ಬು, ಸರಿಯಾಗಿ ಸವರದ ಸೋಗೆ, ಕಟಾವಾದ ಮೇಲೆ ದಿನಗಟ್ಟಲೆ ಬಿಸಿಲಿನಲ್ಲಿ ಒಣಗಿದ ಕಬ್ಬು, ಇವೆಲ್ಲವೂ ಇಳುವರಿಯನ್ನು ಇಳಿಸುತ್ತವೆ. ಒಣಗಿದ್ದು ಕಾರ್ಖಾನೆಯ ಅಂಗಳದಲ್ಲೋ ಹೊಲದಲ್ಲೋ ಎಂಬುದನ್ನೂ ದಾಖಲೆಯೇ ಹೇಳಬೇಕು. ತಪ್ಪು ಯಾರದೆಂದು ತೋರಿಸುವ ಅಂಕಿಯನ್ನು ಇಬ್ಬರೂ ಒಪ್ಪಬೇಕಾಗುತ್ತದೆ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಳೆಯ ಗಾದೆ. ಕಬ್ಬು ಬೆಳೆಗಾರನಿಗೆ ಪ್ರಮಾಣಿಸುವುದಿರಲಿ, ಪ್ರತ್ಯಕ್ಷವಾಗಿ ಕಾಣುವ ಅವಕಾಶವೂ ದೊರೆತಿಲ್ಲ. ಪ್ರಯೋಗಾಲಯದ ಬಾಗಿಲು ತೆರೆಯದೆ ಬೆಲೆಯನ್ನಷ್ಟೇ ಏರಿಸಿದರೆ ಶಾಂತಿ ಒಂದು ಹಂಗಾಮಿನದು. ಮುಂದಿನ ಹಂಗಾಮಿಗೆ ಮತ್ತೆ ಅದೇ ಅನುಮಾನ, ಮತ್ತೆ ಅದೇ ಗುರ್ಲಾಪುರ.