ಕಡ್ಡಿಯ ಸತ್ಯ, ಕಣ್ಣಿನ ಅವಸರ



ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ತಡೆದು ನಿಲ್ಲಿಸಿದ ಘಟಪ್ರಭೆಯ ನೀರು ಗೋಕಾಕ, ಮೂಡಲಗಿಗಳ ಹೊಲಗಳಲ್ಲಿ ಕಬ್ಬಾಗಿ ಬೆಳೆದು ನಿಲ್ಲುತ್ತದೆ. ಹಂಗಾಮು ಬಂದಿತೆಂದರೆ ಈ ಸೀಮೆಯ ದಾರಿಗಳ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳೇ. ಟ್ರ್ಯಾಕ್ಟರು ನಿಂತರೆ ಕಡಿದ ಕಬ್ಬು ಹೊಲದಲ್ಲಿಯೇ ಒಣಗಿ ತೂಕ ಕಳೆದುಕೊಳ್ಳುತ್ತದೆ; ಒಂದು ಮನೆತನದ ವರುಷದ ದುಡಿಮೆಗೆ ಕೊರತೆ ಬೀಳುತ್ತದೆ. ಆದುದರಿಂದ ಎಂಜಿನ್ನಿನ ಎಣ್ಣೆಯ ಮಾತು ಈ ಅಂಕಣಕ್ಕೆ ಹೊರತಾದುದೆಂದು ನಾವು ಭಾವಿಸುವುದಿಲ್ಲ.

ಕಳೆದ ಹಂಗಾಮಿನಲ್ಲಿ ಪ್ರವಚನದ ನಿಮಿತ್ತ ಮೂಡಲಗಿಯ ಕಡೆಗೆ ಹೋದಾಗ ಭಕ್ತರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ಅವರ ಮಗನು ಗೋಕಾಕದಲ್ಲಿ ಟ್ರ್ಯಾಕ್ಟರಿನ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿಕೊಂಡು ಬಂದಿದ್ದನು. ಮನೆಯ ಮುಂದಿನ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದವನೇ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದನು. ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಗಾಬರಿಗೊಂಡು ಒಂದು ಲೀಟರು ಸುರಿದನು. ಕ್ಷಣ ತಡೆಯದೆ ಮತ್ತೆ ನೋಡಿ ಇನ್ನೊಂದು ಲೀಟರು ಸುರಿದನು. ಮರುದಿನ ಎಂಜಿನ್ನು ನೀಲಿ ಹೊಗೆ ಉಗುಳತೊಡಗಿತು. "ಮೇಸ್ತ್ರಿ ಎಣ್ಣಿ ಕದ್ದಾನ, ಏನೋ ಕೆಡಿಸಿ ಇಟ್ಟಾನ" ಎಂದು ತಂದೆ ಕಿಡಿಕಾರಿದರು. ನಾವಾದರೂ ತಡೆದೆವೆ? ಇಂಥವರಿಂದಲೇ ಕಾಯಕಕ್ಕೆ ಕಳಂಕವೆಂದು ನಾವೂ ದನಿಗೂಡಿಸಿದೆವು. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಹೇಳಿಕಳುಹಿಸಿದೊಡನೆ ಮೇಸ್ತ್ರಿ ಬಂದನು. ಎದುರುತ್ತರ ಕೊಡಲಿಲ್ಲ. ಟ್ರ್ಯಾಕ್ಟರನ್ನು ಸಮನೆಲಕ್ಕೆ ತರಿಸಿ, ಎಂಜಿನ್ನು ಆರಿಸಿ, ಹತ್ತು ನಿಮಿಷ ಸುಮ್ಮನೆ ಕುಳಿತನು. ಬಳಿಕ ಕಡ್ಡಿಯನ್ನು ಒರೆಸಿ, ಪೂರ್ತಿ ಇಳಿಸಿ, ಹೊರತೆಗೆದು ತೋರಿಸಿದನು. ಎಣ್ಣೆ ಮೇಲಿನ ಗೆರೆಯನ್ನು ಬಹಳ ಮೀರಿತ್ತು. ತಳದ ತಿರುಪನ್ನು ಸಡಿಲಿಸಿ, ಗೆರೆಗೆ ಬರುವವರೆಗೆ ಎಣ್ಣೆಯನ್ನು ಡಬ್ಬಿಗೆ ಇಳಿಸಿ ಅಳೆದನು. ಹುಡುಗನು ಸುರಿದಿದ್ದ ಎರಡು ಲೀಟರೇ ಹೊರಬಂದಿತು. "ಕಡ್ಡಿ ಸುಳ್ಳು ಹೇಳಂಗಿಲ್ರಿ ಗುರುಗಳೇ, ನಾವ ಅದನ್ನ ಹೊತ್ತಲ್ಲದ ಹೊತ್ತಿನ್ಯಾಗ ಕೇಳ್ತೀವ್ರಿ" ಎಂದನು.

ಅವನು ವಿವರಿಸಿದುದು ಎಲ್ಲ ಮನೆಗಳಿಗೂ ಬೇಕಾದ ತಿಳಿವಳಿಕೆ. ಎಂಜಿನ್ನು ಓಡುತ್ತಿರುವಾಗ ಎಣ್ಣೆಯು ಮೇಲಿನ ಭಾಗಗಳಲ್ಲಿ ಹರಡಿರುತ್ತದೆ. ಆರಿಸಿದ ಮೇಲೆ ತಳದ ತೊಟ್ಟಿಗೆ ಇಳಿದುಬರಲು ಐದರಿಂದ ಹತ್ತು ನಿಮಿಷಗಳಾದರೂ ಬೇಕು. ಮೇಲಿನಿಂದ ಸುರಿದ ಎಣ್ಣೆಗೂ ಇದೇ ನಿಯಮ. ಇಳಿಜಾರಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು ಕಡ್ಡಿ ಹುಸಿ ಅಳತೆ ತೋರುತ್ತದೆ. ಹೊಸ ಫಿಲ್ಟರು ಮೊದಲ ಸಲ ಎಂಜಿನ್ನು ಓಡಿದಾಗ ತನ್ನ ಪಾಲಿನ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಮಠದಲ್ಲಿ ಬಾಲಕರಾಗಿದ್ದಾಗ ನಾವು ದೀಪಕ್ಕೆ ಹೊಸ ಬತ್ತಿ ಹಾಕಿ ಎಣ್ಣೆ ತುಂಬಿದರೆ, ಸ್ವಲ್ಪ ಹೊತ್ತಿನಲ್ಲಿಯೇ ಮಟ್ಟ ಇಳಿದಿರುತ್ತಿತ್ತು. ಎಣ್ಣೆ ಸೋರಿರಲಿಲ್ಲ, ಬತ್ತಿ ಕುಡಿದಿತ್ತು. ಆದುದರಿಂದ ಎಣ್ಣೆ ಬದಲಿಸಿದ ಮೇಲೆ ಎರಡು ಮೂರು ನಿಮಿಷ ಎಂಜಿನ್ನು ಓಡಿಸಿ, ಆರಿಸಿ, ಕಾಯ್ದು, ಅನಂತರವೇ ಅಳೆಯಬೇಕು. ಕಡಿಮೆಯಿದ್ದರೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು.

ಮೊದಲ ಸಲ ಎಳೆದ ಕಡ್ಡಿಯನ್ನು ನಂಬಬಾರದು. ಒರೆಸಿ ಮತ್ತೆ ಇಳಿಸಿ ನೋಡಬೇಕು. ಎರಡು ಬದಿಗಳಲ್ಲಿ ಬೇರೆ ಬೇರೆ ಮಟ್ಟ ಕಂಡರೆ ಕೆಳಗಿನದೇ ನಿಜಕ್ಕೆ ಹತ್ತಿರ. ಹೊಸ ಎಣ್ಣೆ ತಿಳಿಯಾಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಕಡ್ಡಿಯನ್ನು ಬೆಳಕಿಗೆ ಹಿಡಿಯಬೇಕು. ಮೋಟಾರ್ ಸೈಕಲ್ಲನ್ನು ಪಕ್ಕಕ್ಕೆ ವಾಲಿಸದೆ ನೆಟ್ಟಗೆ ನಿಲ್ಲಿಸಬೇಕು. ಅನೇಕ ಬೈಕುಗಳಲ್ಲಿ ಕಡ್ಡಿಯ ಮುಚ್ಚಳವನ್ನು ತಿರುಗಿಸದೆ ಸುಮ್ಮನೆ ಇಟ್ಟು ಅಳೆಯುವ ಕ್ರಮವುಂಟು. ಗಾಡಿಯೊಂದಿಗೆ ಬಂದ ಪುಸ್ತಕವೇ ಇಲ್ಲಿ ಪ್ರಮಾಣ. ಎಣ್ಣೆ ಹಾಕದೆಯೇ ದಿನದಿನಕ್ಕೆ ಮಟ್ಟ ಏರುತ್ತಿದ್ದರೆ ಡೀಸೆಲ್ಲೋ ನೀರೋ ಒಳಗೆ ಸೇರುತ್ತಿರಬಹುದು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರೇ ಎಂದು ಶಂಕಿಸಬೇಕು. ಆಗ ಗಾಡಿಯನ್ನು ಓಡಿಸದೆ ಬಲ್ಲವರಿಗೆ ತೋರಿಸುವುದು ಲೇಸು.

ಎಣ್ಣೆ ಕಡಿಮೆಯಾದರೆ ಎಂಜಿನ್ನು ಸವೆದು ಹಿಡಿದುಕೊಳ್ಳುವುದೆಂಬುದನ್ನು ಎಲ್ಲರೂ ಬಲ್ಲರು. ಹೆಚ್ಚಾದರೂ ಕೇಡೆಂಬುದನ್ನು ಬಲ್ಲವರು ಕೆಲವರು. ತಿರುಗುವ ಕ್ರ್ಯಾಂಕು ಹೆಚ್ಚಿನ ಎಣ್ಣೆಯನ್ನು ಬಡಿದು ನೊರೆಯೆಬ್ಬಿಸುತ್ತದೆ. ನೊರೆಯೆಣ್ಣೆ ಲೋಹವನ್ನು ಕಾಯಲಾರದು. ಸೀಲುಗಳು ಸೋರುತ್ತವೆ, ಹೊಗೆ ಏಳುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸಲು ಹೇಳಿದರೆಂಬ ಕಥೆಯನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇವೆ. ಬೇಕಾದಷ್ಟೇ ಸಾಕೆಂಬ ಆ ಅರಿವು ಎಂಜಿನ್ನಿಗೂ ಸಲ್ಲುತ್ತದೆಂದು ನಮಗೆ ತಿಳಿಸಿಕೊಟ್ಟವನು ಆ ಮೇಸ್ತ್ರಿ.

ಅಂದು ನಾವು ಎದ್ದು ಅವನಿಗೆ ಕೈಮುಗಿದು, ನಮ್ಮ ಮಾತು ತಪ್ಪಾಯಿತೆಂದು ಎಲ್ಲರೆದುರಿಗೆ ಒಪ್ಪಿಕೊಂಡೆವು. ಮನೆಯ ಯಜಮಾನರೂ ತಲೆಬಾಗಿದರು. ಎಂಜಿನ್ನಿನ ಎಣ್ಣೆ ತಳಕ್ಕೆ ಇಳಿಯಲು ಹತ್ತು ನಿಮಿಷ ಬೇಕು. ಒಬ್ಬ ಕಾಯಕಜೀವಿಯ ಪ್ರಾಮಾಣಿಕತೆಯನ್ನು ಅಳೆಯುವ ಮುನ್ನ ನಾವು ಅಷ್ಟು ಹೊತ್ತೂ ಕಾಯಲಿಲ್ಲ. ಕಡ್ಡಿಯನ್ನು ಒರೆಸಿ ನೋಡುವಂತೆ ಮನಸ್ಸನ್ನೂ ಒರೆಸಿಕೊಂಡು ನೋಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೆಳೆಯಲಿ.